ಪಿಂಕಿಗೆ ಎಷ್ಟು ವರ್ಷಕ್ಕೊಮ್ಮೆ ಸೂಜಿ?

ನಾಯಿಯ ಹೆಸರು ಪಿಂಕಿ ಅಂತ ಇಟ್ಟುಕೊಳ್ಳೋಣ. ಪೊಮೆರೇನಿಯನ್ ಎಂದು ಹೇಳಿ ಮಾರಿದ್ದರು, ನಮ್ಮ ಕಡೆ ಆ ಹೆಸರಲ್ಲಿ ಬರುವುದೆಲ್ಲ ಹೆಚ್ಚುಕಡಿಮೆ ಇಂಡಿಯನ್ ಸ್ಪಿಟ್ಜ್. ಹೆಣ್ಣು, ವಯಸ್ಸು ಐದು, ತೂಕ ಎಂಟು ಕೆಜಿ. ಮನೆ ತೀರ್ಥಹಳ್ಳಿ ತಾಲ್ಲೂಕಿನಲ್ಲಿ, ಆಗುಂಬೆ ಕಡೆಯ ಒಂದು ಅಡಿಕೆ ತೋಟದೊಳಗೆ. ಮಲಗುವುದು ಜಗಲಿಯಲ್ಲಿ ಹಾಸಿದ ಗೋಣಿಚೀಲದ ಮೇಲೆ. ಹಗಲಿಡೀ ತಿರುಗುವುದು ತೋಟ, ಕೊಟ್ಟಿಗೆ, ಗೊಬ್ಬರದ ಗುಂಡಿ. ಮನೆಯಲ್ಲಿ ಯಜಮಾನರು ಮತ್ತು ಅವರ ಹೆಂಡತಿ ಇಬ್ಬರೇ. ಮಗ ಬೆಂಗಳೂರಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ.

ಹಿಂದಿನ ವರ್ಷ ನವರಾತ್ರಿಯ ಹೊತ್ತಿಗೆ ಒಂದು ಕ್ಲಿನಿಕ್ಕಿನಲ್ಲಿ ಪಿಂಕಿಗೆ ಒಂದೇ ದಿನ ಎರಡು ಸೂಜಿ ಹಾಕಿಸಿದ್ದರು. ಒಂದು 'ನೈನ್ ಇನ್ ಒನ್', ಇನ್ನೊಂದು ರೇಬಿಸ್. ಓಮ್ನಿಯಲ್ಲಿ ವಾಪಸ್ ಬರುವಾಗಲೇ ನಾಯಿ ಮುಖ ಕೆರೆದುಕೊಳ್ಳತೊಡಗಿತು. ಮನೆ ಮುಟ್ಟುವಷ್ಟರಲ್ಲಿ ಕಣ್ಣು ಕಾಣದಷ್ಟು ಊತ. "ಮುಖ ಕಡುಬಿನ ಹಾಗೆ ಆಗಿತ್ತು ಡಾಕ್ಟ್ರೇ" ಎಂದರು ಅಮ್ಮ. ಬಂದ ದಾರಿಯಲ್ಲೇ ತಿರುಗಿ ಹೋಗಿ ಇಂಜೆಕ್ಷನ್ ಕೊಡಿಸಿದ ಮೇಲೆ ಸಂಜೆಗೆ ಇಳಿಯಿತು. ನಾಯಿ ಮರುದಿನ ಎಂದಿನ ಹಾಗೆ ಕೋಳಿ ಅಟ್ಟಿಕೊಂಡು ಓಡಾಡಿತು. ಹೆದರಿಕೆ ಮಾತ್ರ ಮನೆಯವರಲ್ಲಿ ಉಳಿಯಿತು.

ಮುಂದಿನ ವರ್ಷ ಗಣೇಶನ ಹಬ್ಬ ಮುಗಿದ ಮೇಲೆ ನನ್ನ ಹತ್ತಿರ ಬಂದರು. ಯಜಮಾನರದ್ದು ಒಂದೇ ಮಾತು: "ಇನ್ನು ಸೂಜಿ ಬೇಡ ಮಾರಾಯ್ರೇ. ನಮ್ಮ ಅಪ್ಪನ ಕಾಲದಲ್ಲಿ ಯಾವ ನಾಯಿಗೆ ಯಾರು ಸೂಜಿ ಹಾಕಿಸಿದ್ರು? ಎಲ್ಲ ಬದುಕಲಿಲ್ವಾ?" ಫೋನಿನ ಸ್ಪೀಕರಿನಲ್ಲಿ ಮಗ: "ಸರ್, ಹೊರದೇಶದಲ್ಲಿ ಈಗ ಮೂರು ವರ್ಷಕ್ಕೊಮ್ಮೆ ಸಾಕು ಅಂತಾರಂತೆ. ವರ್ಷ ವರ್ಷ ಹಾಕೋದು ಕಂಪನಿಯವರ ವ್ಯಾಪಾರ ಅಲ್ವಾ?" ಅಮ್ಮನ ಪ್ರಶ್ನೆ ಬೇರೆ: "ಹಾಕಿಸದೆ ಇದ್ದು ಏನಾದರೂ ಆದ್ರೆ? ಮೊಮ್ಮಕ್ಕಳು ರಜೆಗೆ ಬರ್ತಾವೆ, ಅದನ್ನೇ ಅಪ್ಪಿಕೊಂಡು ಮಲಗ್ತಾವೆ."

ಅಪ್ಪನ ಕಾಲದ ಮಾತಿಗೆ ಉತ್ತರ ಸುಲಭ. ಆಗ ಒಂದು ಸೂಲಿನಲ್ಲಿ ಎಷ್ಟು ಮರಿ ರಕ್ತಭೇದಿಯಾಗಿ ಸತ್ತವು ಎಂದು ಯಾರೂ ಲೆಕ್ಕ ಇಟ್ಟಿಲ್ಲ. ಬದುಕಿದ ನಾಯಿ ಮಾತ್ರ ನೆನಪಲ್ಲಿದೆ. ಅದೂ ಅಲ್ಲದೆ ಹೀಗೆ ರಕ್ತಭೇದಿ ತರುವ ನಾಯಿಗಳ ಪಾರ್ವೊ ರೋಗ ಜಗತ್ತಿಗೆ ಗೊತ್ತಾಗಿದ್ದೇ 1978ರ ಸುಮಾರಿಗೆ. ಅಪ್ಪನ ಕಾಲದ ಎಷ್ಟೋ ನಾಯಿಗಳು ಆ ವೈರಸ್ಸನ್ನು ಕಂಡೇ ಇರಲಿಲ್ಲ.

ಮಗನ ಮಾತಿನಲ್ಲಿ ಹುರುಳಿತ್ತು. ಆದರೆ ಪೂರ್ತಿ ಅಲ್ಲ. ಅದಕ್ಕೇ ಮೊದಲು ಲಸಿಕೆ ಪುಸ್ತಕ ತೆಗೆಸಿ ಮೇಜಿನ ಮೇಲೆ ಬಿಡಿಸಿದೆ.

ಆ ಪುಸ್ತಕದಲ್ಲಿ ಸಾಮಾನ್ಯವಾಗಿ ಎಲ್ಲರೂ ನೋಡುವುದು ಒಂದೇ ಅಂಕಣ, 'ಮುಂದಿನ ತಾರೀಖು'. ನಾನು ನೋಡುವುದು ಅಂಟಿಸಿದ ಚೀಟಿಗಳನ್ನು. ಸೀಸೆಯಿಂದ ಕಿತ್ತು ಅಂಟಿಸುವ ಆ ಪುಟ್ಟ ಸ್ಟಿಕರ್‌ನಲ್ಲಿ ಲಸಿಕೆಯ ಹೆಸರು, ಬ್ಯಾಚ್ ನಂಬರು, ಅವಧಿ ಎಲ್ಲ ಇರುತ್ತದೆ. ಪಿಂಕಿಯ ಪುಸ್ತಕದಲ್ಲಿ ಒಂದೆರಡು ಚೀಟಿ ಮಳೆಗಾಲದ ತಂಡಿಗೆ ಬೂಷ್ಟು ಹಿಡಿದು ಅರ್ಧ ಎದ್ದಿದ್ದವು, ಆದರೂ ಓದಲು ಬರುತ್ತಿತ್ತು. ಮರಿಯಾಗಿದ್ದಾಗ ಎರಡು ಡೋಸ್, 45 ದಿನಕ್ಕೆ ಮತ್ತು 66 ದಿನಕ್ಕೆ. ಮೂರು ತಿಂಗಳಿಗೆ ರೇಬಿಸ್. ಒಂದು ವರ್ಷಕ್ಕೆ ಎಲ್ಲ ಸೇರಿ ಮತ್ತೊಮ್ಮೆ. ಎರಡನೇ ವರ್ಷ ಖಾಲಿ. ಮೂರನೇ ವರ್ಷ ಹಾಕಿಸಿದ್ದಾರೆ, ನಾಲ್ಕನೇ ವರ್ಷ ಹಾಕಿಸಿದಾಗ ಮುಖ ಊದಿದೆ.

ಮರಿಯ ಎರಡು ಡೋಸ್ ನೋಡಿದ ಕೂಡಲೇ ಒಂದು ಅನುಮಾನ ಬರಬೇಕು. ತಾಯಿಯ ಮೊದಲ ಹಾಲಿನಿಂದ ಮರಿಗೆ ಬಂದ ರೋಗನಿರೋಧಕ ಅಂಶ ಕೆಲವು ವಾರ ರಕ್ತದಲ್ಲಿ ಇರುತ್ತದೆ. ಅದು ಇರುವಷ್ಟು ದಿನ ಲಸಿಕೆಯ ವೈರಸ್ಸನ್ನೂ ಹೊಡೆದುಹಾಕುತ್ತದೆ. ಕೆಲವು ಮರಿಗಳಲ್ಲಿ ಎಂಟು ವಾರಕ್ಕೇ ಇಳಿಯುತ್ತದೆ, ಕೆಲವದರಲ್ಲಿ ಮೂರು ತಿಂಗಳು ದಾಟಿದರೂ ಇಳಿಯುವುದಿಲ್ಲ. ಅದಕ್ಕೇ ಮರಿಗೆ ಎರಡರಿಂದ ನಾಲ್ಕು ವಾರಕ್ಕೊಮ್ಮೆ ಹಾಕುತ್ತಾ ಹೋಗಿ, ಕೊನೆಯ ಡೋಸ್ 16 ವಾರ ಆದ ಮೇಲೆ ಬೀಳಬೇಕು ಎನ್ನುವುದು. ಪಿಂಕಿಗೆ ಆ ಕೊನೆಯ ಡೋಸ್ ಬಿದ್ದಿಲ್ಲ. 66 ದಿನಕ್ಕೆ ಹಾಕಿದ್ದು ಹತ್ತಿರಬಹುದು, ಹತ್ತದೆಯೂ ಇರಬಹುದು. ಒಂದು ವರ್ಷ ತುಂಬುವವರೆಗೆ ಈ ನಾಯಿ ಬರೀ ಅದೃಷ್ಟದ ಮೇಲೆ ಇತ್ತು ಅಂತಲೇ ನನ್ನ ಲೆಕ್ಕ. ಆದರೆ ಒಂದು ವರ್ಷದ ಡೋಸ್ ಬಿದ್ದಾಗ ತಾಯಿಯ ಅಂಶ ಒಂದಿಷ್ಟೂ ಉಳಿದಿರಲು ಸಾಧ್ಯವಿಲ್ಲ. ಜೀವಂತ ವೈರಸ್ಸಿನ ಲಸಿಕೆ ಬೆಳೆದ ನಾಯಿಗೆ ಒಂದು ಸಲ ಸರಿಯಾಗಿ ಬಿದ್ದರೆ ಸಾಕಾಗುತ್ತದೆ. ಪಿಂಕಿಗೆ ಆಮೇಲೆ ಇನ್ನೂ ಎರಡು ಸಲ ಬಿದ್ದಿದೆ. ಆ ಲೆಕ್ಕದಲ್ಲಿ ಈಕೆ ಗಟ್ಟಿ.

ಈಗ 'ನೈನ್ ಇನ್ ಒನ್' ಅಂದರೆ ಏನು ಎನ್ನುವುದಕ್ಕೆ ಬರೋಣ. ಅದು ಒಂಬತ್ತು ರೋಗ ಅಲ್ಲ. ಇಲಿ ಜ್ವರದ ಬೇರೆ ಬೇರೆ ತಳಿಗಳನ್ನೂ ಒಂದೊಂದಾಗಿ ಎಣಿಸಿ ಸಂಖ್ಯೆ ದೊಡ್ಡದು ಮಾಡಿರುತ್ತಾರೆ. ಬಹಳಷ್ಟು ಕಂಪನಿಗಳ ಲಸಿಕೆ ಎರಡು ಸೀಸೆಯಲ್ಲಿ ಬರುತ್ತದೆ. ಒಂದರ ತಳದಲ್ಲಿ ಒಣಗಿದ ಬಿಳಿ ಪುಡಿ ಬಿಲ್ಲೆಯ ಹಾಗೆ ಕೂತಿರುತ್ತದೆ. ಅದರಲ್ಲಿ ಡಿಸ್ಟೆಂಪರ್ (ಜ್ವರದಿಂದ ಶುರುವಾಗಿ ಮಿದುಳಿಗೂ ಹೋಗುವ ರೋಗ), ಪಾರ್ವೊ, ಹೆಪಟೈಟಿಸ್ (ನಾಯಿಯ ಪಿತ್ತಜನಕಾಂಗದ ರೋಗ) ಇಂಥವುಗಳ ದುರ್ಬಲ ಮಾಡಿದ ಜೀವಂತ ವೈರಸ್ ಇದೆ. ಇನ್ನೊಂದು ಸೀಸೆಯಲ್ಲಿ ನೀರಿನಂಥ ದ್ರವ. ಅದರಲ್ಲಿ ಇರುವುದು ಸತ್ತ ಲೆಪ್ಟೊಸ್ಪೈರಾ, ಅಂದರೆ ಇಲಿ ಜ್ವರದ ಬ್ಯಾಕ್ಟೀರಿಯಾ. ದ್ರವವನ್ನು ಸಿರಿಂಜಿಗೆ ಎಳೆದು ಪುಡಿಗೆ ಹಾಕಿ, ಕರಗಿಸಿ, ಒಂದೇ ಸೂಜಿಯಲ್ಲಿ ಚುಚ್ಚುತ್ತೇವೆ. ನೋಡುವವರಿಗೆ ಅದು ಒಂದೇ ಔಷಧ.

ಆ ಎರಡು ಸೀಸೆಯ ಆಯಸ್ಸು ಒಂದೇ ಅಲ್ಲ. ಈ ಇಡೀ ಪ್ರಕರಣದ ತಿರುಳು ಅಷ್ಟೇ.

ಪುಡಿಯ ಸೀಸೆಯ ಶಕ್ತಿ ವರ್ಷಗಟ್ಟಲೆ ಉಳಿಯುತ್ತದೆ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ರೊನಾಲ್ಡ್ ಶುಲ್ಟ್ಸ್ ಎಂಬ ವಿಜ್ಞಾನಿ ಇದರ ಮೇಲೆ ದಶಕಗಟ್ಟಲೆ ಕೆಲಸ ಮಾಡಿದ್ದಾರೆ. ಡಿಸ್ಟೆಂಪರ್, ಪಾರ್ವೊ, ಹೆಪಟೈಟಿಸ್ ಲಸಿಕೆಗಳ ರಕ್ಷಣೆ ಏಳು ವರ್ಷ, ಅದಕ್ಕೂ ಜಾಸ್ತಿ ಇರುತ್ತದೆ ಎನ್ನುವುದು ಅವರ ಕೆಲಸದಿಂದ ಗೊತ್ತಾದದ್ದು. ಸಣ್ಣ ಪ್ರಾಣಿಗಳ ಪಶುವೈದ್ಯರ ಜಾಗತಿಕ ಸಂಘ ವ್ಸಾವಾ ಕೂಡ ತನ್ನ ಮಾರ್ಗಸೂಚಿಯಲ್ಲಿ, ಬೆಳೆದ ನಾಯಿಗೆ ಇವನ್ನು ಮೂರು ವರ್ಷಕ್ಕಿಂತ ಬೇಗ ಮತ್ತೆ ಹಾಕುವ ಅಗತ್ಯ ಇಲ್ಲ ಎನ್ನುತ್ತದೆ. ಮಗ ಓದಿದ್ದು ಇದನ್ನೇ. ಸರಿಯಾಗಿಯೇ ಓದಿದ್ದಾನೆ.

ದ್ರವದ ಸೀಸೆಯದ್ದು ಬೇರೆ ಕಥೆ. ಸತ್ತ ಬ್ಯಾಕ್ಟೀರಿಯಾದ ಲಸಿಕೆ. ಹೆಚ್ಚುಕಡಿಮೆ ಒಂದು ವರ್ಷ ಕಾಯುತ್ತದೆ, ಮುಗಿಯಿತು. ಮೊದಲ ಸಲ ಹಾಕುವಾಗ ಎರಡರಿಂದ ನಾಲ್ಕು ವಾರದ ಅಂತರದಲ್ಲಿ ಎರಡು ಡೋಸ್ ಬೇಕು. ಒಂದೇ ಹಾಕಿ ಬಿಟ್ಟರೆ ಹಾಕಿದ್ದೂ ದಂಡ. ಆಮೇಲೆ ವರ್ಷಕ್ಕೊಮ್ಮೆ ತಪ್ಪದೆ ಬೀಳಬೇಕು. ನಡುವೆ ಒಂದೂವರೆ ವರ್ಷ ಬಿಟ್ಟುಹೋದರೆ ಮತ್ತೆ ಮೊದಲಿಂದ ಎರಡು ಡೋಸ್. ಪಿಂಕಿಯ ಪುಸ್ತಕದಲ್ಲಿ ಎರಡನೇ ವರ್ಷ ಖಾಲಿ ಇದ್ದು, ಮೂರನೇ ವರ್ಷ ಒಂದೇ ಡೋಸ್ ಇತ್ತು ನೋಡಿ, ಅಲ್ಲಿ ಸರಪಳಿ ತುಂಡಾಗಿದೆ.

ಹೊರದೇಶದ ಎಷ್ಟೋ ಕಡೆ ಮೂರನೇ ಮಹಡಿಯ ಫ್ಲಾಟಿನಲ್ಲಿ ಬೆಳೆಯುವ ನಾಯಿಗೆ ಇಲಿ ಜ್ವರದ ಲಸಿಕೆ ಬೇಕಾ ಬೇಡವಾ ಎಂದು ಚರ್ಚೆ ಮಾಡಬಹುದು. ನಮ್ಮ ಕಡೆ ಚರ್ಚೆಗೇ ಜಾಗ ಇಲ್ಲ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುತ್ತದೆ. ಜೂನ್‌ನಿಂದ ತೋಟದ ಬಸಿಗಾಲುವೆಯಲ್ಲಿ ನೀರು ನಿಂತೇ ಇರುತ್ತದೆ. ಅಟ್ಟದಲ್ಲಿ ಅಡಿಕೆ, ಕಣಜದಲ್ಲಿ ಭತ್ತ, ಕೊಟ್ಟಿಗೆಯಲ್ಲಿ ಹಿಂಡಿ, ಇಲಿಗೆ ಇನ್ನೇನು ಬೇಕು? ಇಲಿಯ ಉಚ್ಚೆ ಆ ನೀರಿಗೆ ಸೇರುತ್ತದೆ. ಪಿಂಕಿ ಅದೇ ನೀರು ಕುಡಿಯುತ್ತದೆ, ಅದರಲ್ಲೇ ಬಿದ್ದು ಹೊರಳುತ್ತದೆ. ರೋಗ ಹತ್ತಿದರೆ ಜ್ವರ, ವಾಂತಿ, ಕಣ್ಣು ಹಳದಿ, ಆಮೇಲೆ ಕಿಡ್ನಿ. ಚಿಕಿತ್ಸೆ ಇದೆ, ಬೇಗ ಬಂದರೆ ಉಳಿಯುತ್ತವೆ. ಆದರೆ ಉಳಿದ ನಾಯಿಯೂ ಎಷ್ಟೋ ದಿನ ಉಚ್ಚೆಯಲ್ಲಿ ಬ್ಯಾಕ್ಟೀರಿಯಾ ಬಿಡುತ್ತಿರಬಹುದು. ಜಗಲಿ ತೊಳೆಯುವ ಅಮ್ಮ, ಬರಿಗಾಲಲ್ಲಿ ತೋಟಕ್ಕೆ ಇಳಿಯುವ ಯಜಮಾನರು, ಇಬ್ಬರಿಗೂ ಅದು ಹತ್ತುವ ರೋಗವೇ. ವ್ಸಾವಾದ 2024ರ ಮಾರ್ಗಸೂಚಿಯಲ್ಲೂ ಇಲಿ ಜ್ವರ ಇರುವ ಕಡೆ ಈ ಲಸಿಕೆಯನ್ನು ಎಲ್ಲ ನಾಯಿಗೂ ಹಾಕಬೇಕಾದ ಗುಂಪಿಗೇ ಸೇರಿಸಿದ್ದಾರೆ. ಲಸಿಕೆಯಲ್ಲಿ ಇರುವ ತಳಿಗಳಿಗೆ ಮಾತ್ರ ಅದು ಕೆಲಸ ಮಾಡುತ್ತದೆ, ಎಲ್ಲ ತಳಿಗೂ ಅಲ್ಲ. ಅದಕ್ಕೇ ಎರಡು ತಳಿಯದ್ದಕ್ಕಿಂತ ನಾಲ್ಕು ತಳಿಯದ್ದು ಸಿಕ್ಕರೆ ನಾನು ಅದನ್ನೇ ಹಾಕುತ್ತೇನೆ.

ಅಂದರೆ ಮಗ ಹೇಳಿದ ಹಾಗೆ ಎಲ್ಲವನ್ನೂ ಮೂರು ವರ್ಷಕ್ಕೆ ತಳ್ಳಿದ್ದರೆ, ಈ ಮನೆಗೆ ಜಾಸ್ತಿ ಬೇಕಾದದ್ದೇ ಕೈಬಿಟ್ಟು ಹೋಗುತ್ತಿತ್ತು.

ಇನ್ನು ಊತ. ಯಾವ ಲಸಿಕೆಯಿಂದ ಬಂತು? ಒಂದೇ ದಿನ ಅಷ್ಟೆಲ್ಲ ಒಟ್ಟಿಗೆ ಹೋದಾಗ ಹೇಳಲು ಬರುವುದಿಲ್ಲ. ಸುಮ್ನೆ ಒಂದರ ಮೇಲೆ ಗೂಬೆ ಕೂರಿಸಬಹುದು ಅಷ್ಟೇ. ಆದರೆ ಒಂದು ಹಳೆಯ ಅಧ್ಯಯನ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಅಮೆರಿಕದಲ್ಲಿ 2002 ಮತ್ತು 2003ರಲ್ಲಿ ಲಸಿಕೆ ಹಾಕಿಸಿಕೊಂಡ 12 ಲಕ್ಷಕ್ಕೂ ಹೆಚ್ಚು ನಾಯಿಗಳ ದಾಖಲೆ ತೆಗೆದು ನೋಡಿದ್ದರು. ಮೂರು ದಿನದೊಳಗೆ ಏನಾದರೂ ತೊಂದರೆ ಕಂಡದ್ದು 10,000 ನಾಯಿಗೆ 38ರಷ್ಟು. ಅಪರೂಪವೇ. ಆದರೆ ಚಿಕ್ಕ ನಾಯಿಗಳಲ್ಲಿ ಜಾಸ್ತಿ. 10 ಕೆಜಿ ಒಳಗಿನ ನಾಯಿಗೆ ಅದೇ ದಿನ ಹಾಕುವ ಒಂದೊಂದು ಹೆಚ್ಚಿನ ಲಸಿಕೆಗೂ ಅಪಾಯ ಶೇ. 27ರಷ್ಟು ಏರುತ್ತಿತ್ತು. ಎಂಟು ಕೆಜಿಯ ಪಿಂಕಿಗೆ ಒಂದೇ ದಿನ ಎಲ್ಲ ಹಾಕುವುದನ್ನು ನಿಲ್ಲಿಸಲು ಇಷ್ಟು ಕಾರಣ ಸಾಕು. ಹಾಕುವುದನ್ನೇ ನಿಲ್ಲಿಸಲು ಸಾಲದು.

ರೇಬಿಸ್ ವಿಷಯಕ್ಕೆ ಬಂದಾಗ ಮಗ ಮತ್ತೆ ಕೇಳಿದ. ಕೆಲವು ರೇಬಿಸ್ ಲಸಿಕೆಗಳಿಗೆ ಮೂರು ವರ್ಷದ ಮಾನ್ಯತೆ ಇದೆ ಅಲ್ವಾ ಎಂದು. ಇದೆ. ಮೊದಲ ಡೋಸ್ ಆದ ಒಂದು ವರ್ಷಕ್ಕೆ ಮತ್ತೊಂದು, ಅಲ್ಲಿಂದ ಲೇಬಲ್ಲಿನಲ್ಲಿ ಇರುವ ಹಾಗೆ. ಆದರೂ ಈ ಮನೆಗೆ ನಾನು ವರ್ಷಕ್ಕೊಮ್ಮೆ ಎಂದೇ ಹೇಳಿದೆ. ಇದು ನನ್ನ ತೀರ್ಮಾನ, ಬೇರೆ ಡಾಕ್ಟರು ಬೇರೆ ಹೇಳಿದರೆ ಜಗಳ ಆಡುವುದಿಲ್ಲ. ನನ್ನ ಕಾರಣ ಇಷ್ಟು. ರಸ್ತೆ ಬದಿಯ ನಾಯಿಗಳು ತೋಟದೊಳಗೆ ಬರುತ್ತವೆ, ನರಿ ಬರುತ್ತದೆ, ಮುಂಗುಸಿ ಬರುತ್ತದೆ. ಗಾಯ ಆದದ್ದು ಗೊತ್ತಾಗದಷ್ಟು ದಟ್ಟ ಕೂದಲು ಈ ನಾಯಿಗೆ. ಲಕ್ಷಣ ಕಾಣಿಸಿದ ಮೇಲೆ ನಾಯಿಗೂ ಮನುಷ್ಯರಿಗೂ ಮದ್ದಿಲ್ಲದ ರೋಗ. ಜತೆಗೆ ಸೆಪ್ಟೆಂಬರ್ 28, ವಿಶ್ವ ರೇಬಿಸ್ ದಿನದ ಹೊತ್ತಿಗೆ ಪಶುಪಾಲನಾ ಇಲಾಖೆಯವರು ಉಚಿತವಾಗಿ ಹಾಕುತ್ತಾರೆ, ಖರ್ಚಿನ ಮಾತೂ ಇಲ್ಲ. ಮತ್ತೆ ಈ ಮನೆಯವರು ಒಂದು ವರ್ಷ ತಪ್ಪಿಸಿದ ದಾಖಲೆ ಪುಸ್ತಕದಲ್ಲೇ ಇದೆ. ವರ್ಷಕ್ಕೊಮ್ಮೆ ಎಂದರೆ ಒಂದು ತಪ್ಪಿದರೂ ಅನಾಹುತ ಇಲ್ಲ. ಮೂರು ವರ್ಷಕ್ಕೊಮ್ಮೆ ಎಂದು ಹೇಳಿದ್ದು ತಪ್ಪಿದರೆ ಎಲ್ಲಿಗೆ ಹೋಗಿ ಮುಟ್ಟುತ್ತದೋ.

ಲಸಿಕೆ ಹಾಕಿದ ನಾಯಿ ಕಚ್ಚಿದರೆ ಏನೂ ಬೇಡ ಅಂತ ತಿಳಿದವರು ನಮ್ಮಲ್ಲಿ ಬಹಳ. ಹಾಗಲ್ಲ. ಮೊಮ್ಮಗುವಿಗೆ ಪಿಂಕಿಯ ಹಲ್ಲು ತಾಗಿದರೂ ಹರಿಯುವ ನೀರಲ್ಲಿ ಸೋಪು ಹಾಕಿ 15 ನಿಮಿಷ ತೊಳೆದು ಆಸ್ಪತ್ರೆಗೆ ಹೋಗಲೇಬೇಕು. ಹೊಕ್ಕುಳ ಸುತ್ತ 14 ಇಂಜೆಕ್ಷನ್ ಎಂಬ ಹಳೇ ಹೆದರಿಕೆ ಇನ್ನೂ ಯಜಮಾನರಲ್ಲಿ ಇತ್ತು. ಆ ಲಸಿಕೆ ಹೋಗಿ ಎಷ್ಟೋ ಕಾಲ ಆಯಿತು, ಈಗ ತೋಳಿಗೆ ಕೆಲವೇ ಸೂಜಿ.

ಟೈಟರ್ ಪರೀಕ್ಷೆ ಮಾಡಿಸೋಣವಾ ಎಂದೂ ಮಗ ಕೇಳಿದ. ರಕ್ತದಲ್ಲಿ ರೋಗನಿರೋಧಕ ಅಂಶ ಇದೆಯಾ ಎಂದು ನೋಡುವ ಪರೀಕ್ಷೆ ಅದು. ಡಿಸ್ಟೆಂಪರ್, ಪಾರ್ವೊ, ಹೆಪಟೈಟಿಸ್ ಮಟ್ಟಿಗೆ ಒಳ್ಳೆಯದೇ. ಇಲಿ ಜ್ವರಕ್ಕೆ ಅದರಿಂದ ಏನೂ ತಿಳಿಯುವುದಿಲ್ಲ. ಈ ವರ್ಷ ಹೇಗೂ ವೈರಸ್ ಲಸಿಕೆ ಹಾಕುವುದಿಲ್ಲ, ಹಾಗಾಗಿ ಈಗ ಬೇಡ ಎಂದೆ. ಮೂರು ವರ್ಷ ತುಂಬಿದಾಗ, ಸೂಜಿಗೆ ಮೊದಲು ಮಾಡಿಸಿ. ಅಂಶ ಇದ್ದರೆ ಆಗಲೂ ಸೂಜಿ ತಪ್ಪುತ್ತದೆ. ಮುಖ ಊದಿದ ನಾಯಿಗೆ ಅದು ಖರ್ಚು ಮಾಡಬಹುದಾದ ದುಡ್ಡು.

ಕೊನೆಗೆ ತೀರ್ಮಾನ ಆದದ್ದು ಹೀಗೆ. ಸೆಪ್ಟೆಂಬರಿನಲ್ಲಿ ರೇಬಿಸ್ ಮಾತ್ರ, ಪ್ರತಿ ವರ್ಷ. ಇಲಿ ಜ್ವರದ ಲಸಿಕೆ ಮಾತ್ರ ಮಳೆಗಾಲಕ್ಕೆ ಮೊದಲು, ಈ ಸಲ ಏಪ್ರಿಲ್ ಮತ್ತು ಮೇ ಎರಡು ಡೋಸ್, ಮುಂದಿನ ವರ್ಷದಿಂದ ಒಂದೇ. ವೈರಸ್‌ಗಳದ್ದು ಮೂರು ವರ್ಷಕ್ಕೊಮ್ಮೆ, ಇವೆರಡೂ ಇಲ್ಲದ ತಿಂಗಳಲ್ಲಿ. ಇದರಲ್ಲಿ ಒಂದು ತೂತು ಇದೆ: ಇಲಿ ಜ್ವರದ ಹಳೇ ಡೋಸ್ ಅಕ್ಟೋಬರಿಗೆ ಮುಗಿಯುತ್ತದೆ, ಹೊಸದು ಏಪ್ರಿಲ್‌ನಲ್ಲಿ. ನಡುವೆ ನಾಯಿ ಬರಿದು. ರೇಬಿಸ್ ಆದ ಒಂದು ತಿಂಗಳಿಗೇ ಶುರು ಮಾಡಬಹುದಿತ್ತು. ಆದರೆ ಹೆದರಿದ ಮನೆಯವರಿಗೆ ಸ್ವಲ್ಪ ಬಿಡುವು ಬೇಕಿತ್ತು, ಮತ್ತೆ ರಕ್ಷಣೆ ಗಟ್ಟಿ ಇರಬೇಕಾದದ್ದು ಜೂನ್‌ನಿಂದ ಮುಂದೆ. ಮಳೆ ಪೂರ್ತಿ ನಿಲ್ಲುವವರೆಗೆ ನಾಯಿಯನ್ನು ಬಸಿಗಾಲುವೆಗೆ ಇಳಿಯಲು ಬಿಡಬೇಡಿ ಎಂದು ಹೇಳಿದೆ. ಕೇಳಿದರೋ ಇಲ್ಲವೋ.

ದ್ರವದ ಸೀಸೆ ಬೇರೆ ತರಿಸುವುದು ಇದರಲ್ಲಿ ನಿಜವಾದ ತಲೆನೋವು. ಎಲ್ಲರೂ ಜೋಡಿಯನ್ನೇ ಕೇಳುವುದರಿಂದ ಅಂಗಡಿಯವರು ಬಿಡಿಯಾಗಿ ಇಡುವುದಿಲ್ಲ. ಮೊದಲೇ ಹೇಳಿ ಶಿವಮೊಗ್ಗದಿಂದ ಐಸ್ ಡಬ್ಬಿಯಲ್ಲಿ ತರಿಸಬೇಕಾಯಿತು. 2ರಿಂದ 8 ಡಿಗ್ರಿಯಲ್ಲಿ ಇರಬೇಕಾದ ವಸ್ತು, ನಮ್ಮಲ್ಲಿ ಗಾಳಿ ಬೀಸಿದರೆ ಕರೆಂಟ್ ಹೋಗುತ್ತದೆ. ಫ್ರಿಜ್ಜಿನಲ್ಲಿ ಕೆಟ್ಟ ಲಸಿಕೆಯನ್ನು ಎಷ್ಟು ವರ್ಷಕ್ಕೊಮ್ಮೆ ಹಾಕಿದರೆ ಏನು ಬಂತು? ನಿಮ್ಮ ಡಾಕ್ಟರನ್ನು ಇದೊಂದು ಕೇಳಿ, ಬೇಜಾರು ಮಾಡಿಕೊಳ್ಳುವುದಿಲ್ಲ.

ರೇಬಿಸ್ ಹಾಕಿದ ದಿನ ಬೆಳಿಗ್ಗೆಯೇ ಬರಲು ಹೇಳಿ, ಒಂದು ಗಂಟೆ ಕ್ಲಿನಿಕ್ಕಿನಲ್ಲೇ ಕೂರಿಸಿದೆ. ಪಿಂಕಿ ಬೆಂಚಿನ ಕೆಳಗೆ ಮಲಗಿ ನಿದ್ದೆ ಹೊಡೆಯಿತು, ಅಮ್ಮ ಎರಡು ನಿಮಿಷಕ್ಕೊಮ್ಮೆ ಬಗ್ಗಿ ಅದರ ಮೂತಿ ಮುಟ್ಟಿ ನೋಡುತ್ತಿದ್ದರು. ಏನೂ ಆಗಲಿಲ್ಲ. ಏಪ್ರಿಲ್ ಮತ್ತು ಮೇನಲ್ಲೂ ಮುಖ ಊದಲಿಲ್ಲ, ಚುಚ್ಚಿದ ಜಾಗದಲ್ಲಿ ಒಂದು ಸಣ್ಣ ಗಂಟು ಬಂದು ಹೋಯಿತು. ಹಾಗಾದರೆ ಆ ಸಲದ ಊತಕ್ಕೆ ಪುಡಿಯ ಸೀಸೆಯೇ ಕಾರಣವಾ? ಅಷ್ಟು ಹೇಳಲಾರೆ. ಒಟ್ಟಿಗೆ ಹಾಕಿದ್ದೇ ಜಾಸ್ತಿಯಾಗಿರಬಹುದು.

ಉಣುಗಿನ ವಿಷಯ ಅಮ್ಮನೇ ಎತ್ತಿದರು. "ನೈನ್ ಇನ್ ಒನ್ ಹಾಕಿಸಿದ ಮೇಲೂ ಉಣುಗು ಕಡಿದು ಜ್ವರ ಬಂದಿತ್ತಲ್ಲ?" ಬಂದೇ ಬರುತ್ತದೆ. ಉಣುಗಿನಿಂದ ನಾಯಿಗೆ ಬರುವ ಎರ್ಲಿಕಿಯಾ, ಬೇಬಿಸಿಯಾ ಯಾವುದೂ ಆ ಒಂಬತ್ತರಲ್ಲಿ ಇಲ್ಲ. ಅದಕ್ಕೆ ಉಣುಗು ಸಾಯಿಸುವ ಮಾತ್ರೆ ಅಥವಾ ಬೆನ್ನಿಗೆ ಹಾಕುವ ಔಷಧವೇ ದಾರಿ. ಉಣುಗಿನಿಂದಲೇ ಮನುಷ್ಯರಿಗೆ ಹತ್ತುವ ಮಂಗನ ಕಾಯಿಲೆ ಮೊದಲು ಗೊತ್ತಾದದ್ದು 1957ರಲ್ಲಿ, ನಮ್ಮದೇ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಕಾಡಿನ ಉಣುಗು ಮೈಗೆ ಹತ್ತಿಸಿಕೊಂಡು ಮನೆಗೆ ಬರುವ ನಾಯಿಯ ಬಗ್ಗೆ ನಾವು ಉಳಿದವರಿಗಿಂತ ಜಾಸ್ತಿ ಹುಷಾರಾಗಿರಬೇಕು. ವೈರಸ್ ಲಸಿಕೆಯಲ್ಲಿ ಉಳಿದ ದುಡ್ಡನ್ನು ಇದಕ್ಕೆ ಹಾಕಿ ಎಂದೆ.

ಇಷ್ಟೆಲ್ಲ ಮಾತಾಡಿ ಏಳುವಾಗ ಯಜಮಾನರು ಸುಮ್ನೆ ಒಂದು ಮಾತು ತೆಗೆದರು: "ಕರಿಯನಿಗೆ ಹೇಗೂ ಇದ್ಯಾವುದೂ ಬೇಡ ಅಲ್ವಾ, ಅದು ಊರು ನಾಯಿ." ಕರಿಯ ಎಂದರೆ ತೋಟ ಕಾಯುವ ನಾಯಿ. ಮನೆಯೊಳಗೆ ಬರುವುದಿಲ್ಲ, ರಾತ್ರಿ ಹಂದಿ ಓಡಿಸುತ್ತದೆ, ಶ್ರಾವಣ ಕಳೆದರೆ ಹೆಣ್ಣು ನಾಯಿ ಹಿಂದೆ ನಾಲ್ಕು ಊರು ಸುತ್ತುತ್ತದೆ. ಹುಟ್ಟಿದಾಗಿನಿಂದ ಒಂದು ಸೂಜಿ ಕಂಡಿಲ್ಲ. ಪಿಂಕಿಗೆ ಎಷ್ಟು ವರ್ಷಕ್ಕೊಮ್ಮೆ ಎಂದು ಮೂವರು ಸೇರಿ ತಲೆ ಕೆಡಿಸಿಕೊಂಡಿದ್ದಾರೆ, ಪಿಂಕಿಯ ತಟ್ಟೆಯಲ್ಲೇ ಮೂತಿ ಹಾಕುವ ಇದಕ್ಕೆ ಸೊನ್ನೆ!

ಕರಿಯನನ್ನು ಓಮ್ನಿ ಹತ್ತಿಸುವುದು ಆಗದ ಕೆಲಸ. ನಾನೇ ಹೋದೆ. ಅಮ್ಮ ಒಂದು ಕೈಯಲ್ಲಿ ದೋಸೆ ಹಿಡಿದು, ಇನ್ನೊಂದರಲ್ಲಿ ಕೊರಳ ಹಗ್ಗವನ್ನು ಕೊಟ್ಟಿಗೆ ಕಂಬಕ್ಕೆ ಸುತ್ತಿದರು. ಹಳೇ ಪಂಚೆಯ ತುಂಡಿನಿಂದ ಬಾಯಿ ಕಟ್ಟಿ ರೇಬಿಸ್ ಒಂದು, ವೈರಸ್‌ಗಳದ್ದು ಒಂದು, ಎರಡೂ ಒಂದೇ ದಿನ ಹಾಕಿದೆ. ಪಿಂಕಿಗೆ ಬೇಡ ಎಂದದ್ದನ್ನು ಕರಿಯನಿಗೆ ಮಾಡಿದ್ದು ಬೇಕೆಂದೇ. ದೊಡ್ಡ ಮೈ, ಹಿಂದೆ ತೊಂದರೆ ಆದದ್ದಿಲ್ಲ, ಮತ್ತೆ ಕೈಗೆ ಸಿಗುವ ಖಾತ್ರಿಯೂ ಇಲ್ಲ. ಬೆಳೆದ ನಾಯಿಯಾದ್ದರಿಂದ ವೈರಸ್ ಲಸಿಕೆ ಒಂದೇ ಬಿದ್ದರೂ ನಡೆಯುತ್ತದೆ. ರೇಬಿಸ್ ಮೊದಲನೆಯದು, ಹಾಗಾಗಿ ಮುಂದಿನ ವರ್ಷ ಬಿಡುವ ಹಾಗೇ ಇಲ್ಲ.

ಇಲಿ ಜ್ವರದ ಮೊದಲ ಡೋಸ್ ಏಪ್ರಿಲ್‌ನಲ್ಲಿ ಹೇಗೋ ಆಯಿತು. ಎರಡನೆಯದಕ್ಕೆ ನನ್ನ ಬೈಕಿನ ಸದ್ದು ಕೇಳಿದ್ದೇ ತಡ, ಕರಿಯ ಸೊಪ್ಪಿನ ಬೆಟ್ಟ ಹತ್ತಿದವನು ಸಂಜೆಯಾದರೂ ಇಳಿಯಲಿಲ್ಲ. ಅದು ಮೂರನೇ ವಾರ, ನಾಲ್ಕು ವಾರ ತುಂಬಲು ಇನ್ನೂ ಸಮಯ ಇತ್ತು. ಮುಂದಿನ ಸಲ ಬೈಕನ್ನು ರಸ್ತೆಯಲ್ಲೇ ನಿಲ್ಲಿಸಿ, ಐಸ್ ಡಬ್ಬಿ ಹಿಡಿದುಕೊಂಡು ತೋಟದ ಹಿಂದಿನಿಂದ ನಡೆದು ಹೋಗಿ ಹಾಕಿ ಬಂದೆ.